ಹಿಂದ್ ಹೊಂಟ ಯೆಜ್ಡಿ

ನುಮಾಯಿಶ್ ನಡೆಯುವ ದಿನಗಳಲ್ಲಿ ಹೈದರಾಬಾದಿನ ನಾಂಪಲ್ಲಿಯ ನಮ್ಮ ಗಲ್ಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1938ರಿಂದ ನಡೆದು ಬಂದ ಆ ಪ್ರದರ್ಶನಕ್ಕೆ ಟಿಕೆಟ್ಟು ಉಂಟು. ಪ್ಲಗ್ ಬಿಚ್ಚಿದ ತೂತಿಗೆ ಸೈಕಲ್ ಕಡ್ಡಿ ಇಳಿಬಿಟ್ಟು ಕೂತ ನನ್ನನ್ನು ಮಾತ್ರ ಜನ ಪುಕ್ಕಟೆ ನೋಡುತ್ತಿದ್ದರು.

ಗಾಡಿ ಯೆಜ್ಡಿ ಬೈಕು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಹಿಂದಿನ ಮಾಲೀಕ ಮಣ್ಣಿನ ರೇಸಿನ ಹುಚ್ಚಿಗೆ ಮಡ್‌ಗಾರ್ಡ್ ಎತ್ತರಿಸಿ, ಗುಬಟು ಟೈರು ಹಾಕಿಸಿ, ಸೈಲೆನ್ಸರಿನ ಹೊಟ್ಟೆ ಬಗೆದಿದ್ದ. ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ದೂರು ಹೇಳಲು ಯಾರೂ ಉಳಿದಿಲ್ಲ.

ಅದರ ಕಿಡಿಯ ಟೈಮಿಂಗ್ ಕೂರಿಸುವುದು ಕಾಗದದ ಮೇಲೆ ಸುಲಭ. ಪಿಸ್ಟನ್ ತುತ್ತತುದಿ ಮುಟ್ಟಲು 3 ಮಿ.ಮೀ. ಚಿಲ್ಲರೆ ಬಾಕಿ ಇರುವಾಗ ಪಾಯಿಂಟ್ ಬಾಯಿ ಬಿಡಬೇಕು, ಆಗ ಕಿಡಿ. ಬಾಯಿ ಬಿಟ್ಟದ್ದು ಗೊತ್ತಾಗಲು ಸಿಗರೇಟ್ ಪ್ಯಾಕಿನ ತೆಳು ಹಾಳೆಯನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಬೇಕು. ಹಾಳೆ ಸಡಿಲಾದದ್ದೇ ಮುಹೂರ್ತ. ನಾನು ಸಿಗರೇಟು ಸೇದುವವನಲ್ಲ. ಹಾಳೆಗಾಗಿ ಒಂದು ಪ್ಯಾಕು ತಂದದ್ದೇ ಮನೆಯೊಳಗೆ ಬೇರೆ ಕಿಡಿ ಹಾರಿಸಿತು.

ಅದೇ ಕೋಪದಲ್ಲಿದ್ದ ಹೆಂಡತಿಯ ನೈಲ್ ಪಾಲಿಶ್ ಕದ್ದು, ಪಿಸ್ಟನ್ನಿನ ಎತ್ತರ ಅಳೆಯುವ ಆ ಸೈಕಲ್ ಕಡ್ಡಿಯ ಮೇಲೆ ಗುರುತು ಹಾಕಿದೆ. ಒಳ್ಳೇ ಕೆಂಪು, ದೂರದಿಂದಲೂ ಕಾಣುವಂಥದ್ದು. ಗುರುತೇ 3 ಮಿ.ಮೀ. ದಪ್ಪವಿತ್ತು! ಮೇಲಿನ ಅಂಚಿನಿಂದ ಎಣಿಸಬೇಕೋ ಕೆಳಗಿನ ಅಂಚಿನಿಂದಲೋ ಎಂಬ ಜಿಜ್ಞಾಸೆ ನನಗೆ ಹೊಳೆಯಲೇ ಇಲ್ಲ. ಪಾಯಿಂಟಿನ ಸಂದು ಮಾತ್ರ 0.4 ಮಿ.ಮೀ. ಇರಬೇಕೆಂದು ಫೀಲರ್ ಗೇಜ್ ಹಿಡಿದು ಅರ್ಧ ದಿನ ಧ್ಯಾನ ಮಾಡಿದೆ.

ಮೊದಲ ಕಿಕ್ಕಿಗೆ ಲಿವರ್ ತಿರುಗಿ ಮೊಣಕಾಲಿಗೆ ಬಾರಿಸಿತು. ಕಿಡಿ ಬೇಗ ಬಿದ್ದರೆ ಮೇಲೆ ಬರುವ ಪಿಸ್ಟನ್ನನ್ನು ಬೆಂಕಿ ಬಂದ ದಾರಿಗೇ ತಳ್ಳುತ್ತದೆ; ಇದು ಪುಸ್ತಕದಲ್ಲಿದೆ, ನೋವು ಪುಸ್ತಕದಲ್ಲಿಲ್ಲ. ಕುಂಟುತ್ತ ಇನ್ನಷ್ಟು ಒದ್ದೆ. ಹೊತ್ತಿಕೊಂಡಿತು! ಗಲ್ಲಿಯೆಲ್ಲ ಹೊಗೆ, ಹುಡುಗರ ಚಪ್ಪಾಳೆ. ಡೈನಮೊದ ಕೆಂಪು ದೀಪ ಆರದೇ ಇದ್ದದ್ದನ್ನು ಬಲ್ಬಿನ ದೋಷವೆಂದುಕೊಂಡೆ. ಠೀವಿಯಿಂದ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ.

"ರೀ, ಯಾಕ್ರಿ ಹಿಂದ್ ಹೊಂಟದ?" ಅಂದಳು ಬಾಗಿಲಲ್ಲಿ ನಿಂತವಳು, ಅಚ್ಚ ಕಲಬುರಗಿ ಕನ್ನಡದಲ್ಲಿ.

ನಿಂತ ಆಟೋದ ಬಂಪರಿಗೆ ಬೆನ್ನು ತಗುಲಿದ ಮೇಲೆ ನನಗೂ ತಿಳಿಯಿತು. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳ ಕಾವಲಿಲ್ಲ. ಪಿಸ್ಟನ್ನೇ ಪೋರ್ಟುಗಳ ಬಾಗಿಲು ತೆರೆದು ಮುಚ್ಚುವುದರಿಂದ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಅದಕ್ಕೆ ಬೇಜಾರಿಲ್ಲ. ಉಲ್ಟಾ ತಿರುಗಿದ ಡೈನಮೊ ಚಾರ್ಜ್ ಮಾಡದ್ದರಿಂದಲೇ ಆ ಕೆಂಪು ದೀಪ.

ಆಟೋದವನು ಬಂಪರಿನ ಮಾತೆತ್ತುವ ಮೊದಲೇ ಮೂಲೆಯ ಮೇಸ್ತ್ರಿ ಬಂದ. "ಕ್ಯಾ ಸಾಬ್, ರಿವರ್ಸ್ ಗೇರ್ ಡಲಾ ಲಿಯೇ?" ಎಂದು ಕೇಳಿ, ನಗದೆ, ನನ್ನದೇ ಕಡ್ಡಿ ಎತ್ತಿಕೊಂಡ. ನೈಲ್ ಪಾಲಿಶನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆದು, ಹ್ಯಾಕ್ಸಾ ಬ್ಲೇಡಿನಿಂದ ಕೂದಲೆಳೆಯಷ್ಟು ತೆಳುವಾದ ಎರಡು ಗೀರು ಹಾಕಿದ. ಬೇಸ್ ಪ್ಲೇಟನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದಿಷ್ಟೇ ಕುಟ್ಟಿ ಸರಿಸಿದ. ಒಂದೇ ಕಿಕ್ಕು. ದೀಪ ಆರಿತು, ಗಾಡಿ ಮುಂದಕ್ಕೆ ಹೋಯಿತು.

ಮಜೂರಿ ಎಷ್ಟೆಂದೆ. ಬೇಡವೆಂದು ಕೈಯಾಡಿಸಿ, ಹಾಳೆ ಕಿತ್ತ ಸಿಗರೇಟ್ ಪ್ಯಾಕನ್ನು ಜೇಬಿಗಿಳಿಸಿದ. ಮನೆಯವಳು ಒಳಗಿನಿಂದ ಬೆಂಕಿಪೊಟ್ಟಣವನ್ನೂ ತಂದುಕೊಟ್ಟಳು.