ಹೊನ್ಮರಳಿನೊಡನೆ ಸಂಭಾಷಣೆ

ಆಫ್ರಿಕಾದ ವಾಯವ್ಯ ಕರಾವಳಿಗೆ ಎದುರಾಗಿ ಅಟ್ಲಾಂಟಿಕ್ ಮಹಾಸಾಗರದಲ್ಲಿ ತಲೆಯೆತ್ತಿ ನಿಂತಿರುವ, ಸ್ಪೇನ್ ದೇಶಕ್ಕೆ ಸೇರಿದ ತೆನೆರಿಫೆ ದ್ವೀಪವು ಅಗ್ನಿಪರ್ವತದ ಸಂತಾನವಾದುದರಿಂದ ಅಲ್ಲಿಯ ಮರಳು ಸ್ವಭಾವತಃ ಕರಿದು. ಆದರೆ ಸಾಂತಾ ಕ್ರೂಸ್ ನಗರದ ಸಮೀಪದಲ್ಲಿ, ಸಾನ್ ಆಂದ್ರೆಸ್ ಎಂಬ ಬೆಸ್ತರ ಹಳ್ಳಿಯ ಮಗ್ಗುಲಿಗಿರುವ ಲಾಸ್ ತೆರೆಸಿತಾಸ್ ತೀರದಲ್ಲಿ ಅದು ಹೊಂಬಣ್ಣದ್ದು. ಈ ವೈಲಕ್ಷಣ್ಯದ ಕಾರಣವನ್ನರಿಯುವ ಕುತೂಹಲದಿಂದ, ಮಕ್ಕಳು ಕೋಟೆ ಕಟ್ಟುವುದರಲ್ಲಿಯೂ ತಾಯ್ತಂದೆಗಳು ತಾಳೆಯ ನೆರಳಿನಲ್ಲಿ ತೂಕಡಿಸುವುದರಲ್ಲಿಯೂ ಮಗ್ನರಾಗಿದ್ದ ಹೊತ್ತನ್ನು ನೋಡಿ, ಆ ಮರಳನ್ನೇ ಮಾತನಾಡಿಸಿದೆವು.

“ತಾವು ಈ ಊರಿನವರೇ?”

“ಈಗ ಹೌದು, ಸ್ವಾಮಿ; ಹುಟ್ಟಿದ್ದು ಸಹಾರಾದಲ್ಲಿ. ಆ ನಾಡಿನ ಪಶ್ಚಿಮದ ಅಂಚು ಸ್ಪೇನಿನ ವಶದಲ್ಲಿದ್ದ ಕಾಲದಲ್ಲಿ, ಕರಿಯ ನೆಲದ ಮೇಲೆ ಮೈಚೆಲ್ಲಲು ಪ್ರವಾಸಿಗರು ಒಲ್ಲರೆಂಬ ಚಿಂತೆಗೀಡಾದ ದೊಡ್ಡವರು ನಮ್ಮನ್ನು ಸುಮಾರು 2,70,000 ಟನ್ನುಗಳಷ್ಟು ಹಡಗೇರಿಸಿ ತಂದು ಇಲ್ಲಿ ಹಾಸಿದರು. 1973ರಲ್ಲಿ ನಮ್ಮ ಗೃಹಪ್ರವೇಶ.”

“ಸಮುದ್ರರಾಜನು ಸುಮ್ಮನಿದ್ದನೇ?”

“ಅವನಿಗೆ ಅಡ್ಡಲಾಗಿ ಬಂಡೆಗಳ ಅಲೆತಡೆಯನ್ನು ಕಟ್ಟಿದ್ದಾರೆ. ತೆರೆಗಳು ಅಲ್ಲಿಯೇ ಮುರಿದು ಬೀಳುವುದರಿಂದ ಒಳಗಿನ ನೀರು ದೇವಸ್ಥಾನದ ಕಲ್ಯಾಣಿಯಂತೆ ನಿಶ್ಚಲ. ನಡೆಯಲು ಕಲಿಯುತ್ತಿರುವ ಕೂಸೂ ಅಂಜದೆ ಇಳಿಯುತ್ತದೆ. ಹಾಗಿದ್ದೂ ನಾವು ಸವೆದೆವೆಂದು 1998ರಲ್ಲಿ ಇನ್ನಷ್ಟು ಬಂಧುಗಳನ್ನು ಕರೆಸಿದರು.”

“ನಿಮ್ಮೊಡನೆ ಚೇಳುಗಳೂ ಬಂದವೆಂದು ಊರವರು ಆಡಿಕೊಳ್ಳುತ್ತಾರಲ್ಲ?”

“ಚೇಳಿನ ಮಾತು ಇರಲಿ. ಬೆನ್ನ ಹಿಂದಿನ ಜಮೀನನ್ನು ನಗರಸಭೆ 2001ರಲ್ಲಿ ಕೊಂಡಿತು, ಆ ಕ್ರಯವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ರದ್ದುಪಡಿಸಿತು. ಜನರ ಕಣ್ಣಿಗೆ ಎರಚಲು ಮಣ್ಣೇ ಆಗಬೇಕೆಂದಿಲ್ಲ, ನಾವೂ ಒದಗುತ್ತೇವೆಂದು ಆಗ ತಿಳಿಯಿತು.”

ಸ್ವಂತ ಉಪಯುಕ್ತತೆಯ ವಿಷಯದಲ್ಲಿ ಇಷ್ಟು ನಿರ್ಲಿಪ್ತವಾಗಿ ಮಾತನಾಡಬಲ್ಲ ಸಾರ್ವಜನಿಕ ವ್ಯಕ್ತಿಯನ್ನು ನಾವು ಬೇರೆಡೆ ಕಂಡಿಲ್ಲ.

“ತವರಿನ ಕಡೆಯಿಂದ ಈಗ ಯಾರಾದರೂ ಬರುವುದುಂಟೇ?”

“ಉಂಟು. ಆ ಕರಾವಳಿಯಿಂದಲೂ ಅದರ ತೆಂಕಣ ಮಾರಿಟೇನಿಯ, ಸೆನೆಗಲ್‌ಗಳಿಂದಲೂ ಮರದ ದೋಣಿಗಳಲ್ಲಿ ಬರುತ್ತಾರೆ. 2024ರಲ್ಲಿ ಈ ದ್ವೀಪಸ್ತೋಮವನ್ನು ಮುಟ್ಟಿದವರೇ 46,000ಕ್ಕೂ ಮಿಗಿಲು, ಮುಟ್ಟದೆ ಮುಳುಗಿದವರ ಲೆಕ್ಕ ಕಡಲಿಗೇ ಗೊತ್ತು. ಬಂದವರ ತಲೆಯೆಣಿಸುತ್ತಾರೆ, ಬೆರಳೊತ್ತಿಸಿಕೊಳ್ಳುತ್ತಾರೆ, ಏಕೆ ಬಂದಿರೆಂದು ವಿಚಾರಿಸುತ್ತಾರೆ. ನಮ್ಮನ್ನಾದರೋ ತೂಗಿದರೇ ಹೊರತು ಎಣಿಸಲಿಲ್ಲ. ರಹದಾರಿಯ ಸುದ್ದಿಯೇ ಏಳಲಿಲ್ಲ.”

“ಈ ಭೇದಕ್ಕೆ ಕಾರಣ?”

“ನಮ್ಮ ಮೇಲೆ ಮಲಗಬಹುದು, ಸ್ವಾಮಿ.”

“ಊರಿಗೆ ಹಿಂತಿರುಗುವ ಅಭಿಲಾಷೆ ಇಲ್ಲವೇ?”

“1975ರಲ್ಲಿ ಸ್ಪೇನ್ ಆ ನಾಡನ್ನು ಬಿಟ್ಟು ಹೊರಡಲು ಒಪ್ಪಿತು, ಅದರ ಒಡೆತನದ ವ್ಯಾಜ್ಯ ಇನ್ನೂ ತೀರಿಲ್ಲ. ಅರ್ಜಿಯನ್ನು ಯಾವ ಸರ್ಕಾರಕ್ಕೆ ಬರೆಯಬೇಕೆಂದು ತಮಗೆ ತಿಳಿದಿದ್ದರೆ ಅಪ್ಪಣೆಯಾಗಲಿ. ಇಲ್ಲವಾದರೆ ತುಸು ಸರಿದು ಕುಳಿತುಕೊಳ್ಳಿ, ಆ ಹುಡುಗಿಯ ಕೋಟೆಯ ಹೆಬ್ಬಾಗಿಲ ಮೇಲೆ ಕುಳಿತಿದ್ದೀರಿ.”