ಕಾಲು ಸುತ್ತಿನ ರಾಯರು

ನಿಮ್ಮ ಬಡಾವಣೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಮನೆ ಮುಂದೆ ಬೈಕು ಹೋದರೆ ಯಾರು ಹೋದರು ಅಂತ ನೋಡುವವರಲ್ಲ. ಪೇಪರಿನಿಂದ ತಲೆ ಎತ್ತದೆ, "ಲೀನ್ ಹೊಡೀತಿದೆ" ಅನ್ನುತ್ತಾರೆ. ಛತ್ರದಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರ ಕಿವಿ ಹಿತ್ತಲಿನ ಜನರೇಟರ್ ಕಡೆಗಿರುತ್ತದೆ. "ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಊಟದ ಹೊತ್ತಿಗೆ ನಿಲ್ಲುತ್ತೆ ನೋಡಿ." ಹಾಗೆ ನಿಂತದ್ದೂ ಉಂಟು. ನಿಂತ ದಿನ ನಮ್ಮ ಬಡಾವಣೆಯ ರಾಯರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮೈಸೂರಿನಲ್ಲಿ ಹುಟ್ಟಿ, ಜಾವಾ, ಯೆಜ್ಡಿ ಬಿಟ್ಟು ರಾಜದೂತ್ 350 ಸಾಕಿದ್ದೇ ಊರಿಗೆ ಬಗೆದ ದ್ರೋಹ ಎಂದು ಅವರ ಭಾವಮೈದನ ಆರೋಪ. ಅವು ತಯಾರಾಗುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಈ ಊರಿನ ಎಷ್ಟೋ ಅಟ್ಟಗಳಲ್ಲಿ ಇನ್ನೂ ಒಂದು ಯೆಜ್ಡಿ ಸೈಲೆನ್ಸರ್ ಮಲಗಿರುತ್ತದೆ. ರಾಯರಿಗೆ ಅದು ಸಾಲದು. ಯೆಜ್ಡಿಗೆ ಒಂದೇ ಕಾರ್ಬೊರೇಟರ್, ರಾಜದೂತ್‌ಗೆ ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್. ಪಂಕ್ತಿಯಲ್ಲಿ ಕೂತ ದಾಯಾದಿಗಳ ಹಾಗೆ, ಒಬ್ಬನಿಗೆ ಒಂದು ಸೌಟು ಹೆಚ್ಚು ಬಡಿಸಿದರೆ ಇನ್ನೊಬ್ಬ ಎಲೆ ಮಡಚಿ ಎದ್ದುಬಿಡುತ್ತಾನೆ. ರಾಯರ ನಿವೃತ್ತ ಜೀವನವೆಲ್ಲ ಈ ಇಬ್ಬರನ್ನು ಸಮಾಧಾನ ಮಾಡುವುದರಲ್ಲೇ ಕಳೆಯುತ್ತಿದೆ.

ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಒಂದು ಕರೆಂಟ್ ಟೆಸ್ಟರ್ ಇದೆ. ಅದರಿಂದ ಕರೆಂಟ್ ನೋಡಿದ್ದನ್ನು ಯಾರೂ ಕಂಡಿಲ್ಲ. ಅದಿರುವುದು ಕಾರ್ಬೊರೇಟರಿನ ಏರ್ ಸ್ಕ್ರೂ ತಿರುಗಿಸುವುದಕ್ಕೆ, ಅದೂ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಹಾಲು ತರಲು ಹೋಗುವ ಪಕ್ಕದ ಮನೆ ಹುಡುಗನನ್ನು ಗೇಟಿನಲ್ಲೇ ತಡೆದು ಪಾಠ ಶುರು ಮಾಡುತ್ತಾರೆ. "ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂ ಮುಕ್ಕಾಲು ಪಾಲು ಗಾಳಿ. ಗಾಳಿ ಅದಕ್ಕಿಂತ ಹೆಚ್ಚಾದರೆ ಲೀನ್. ಟೂ ಸ್ಟ್ರೋಕಲ್ಲಿ ಲೀನ್ ಅಂದ್ರೆ ತಮಾಷೆ ಅಲ್ಲಪ್ಪ, ಇಂಜಿನ್ ಕಾದು ಪಿಸ್ಟನ್ ಹಿಡಕೊಳ್ಳುತ್ತೆ. ಈ ಸ್ಕ್ರೂ ಬಿಚ್ಚಿದಷ್ಟೂ ಗಾಳಿ ಹೆಚ್ಚು. ಆದರೆ ನಿಮ್ಮಪ್ಪನ ಫೋರ್ ಸ್ಟ್ರೋಕ್ ಗಾಡೀಲಿ ಬಿಚ್ಚಿದರೆ ಪೆಟ್ರೋಲೇ ಹೆಚ್ಚು. ಗೊತ್ತಿಲ್ಲದೆ ಕೈ ಹಾಕಬಾರದು." ಅಪ್ಪನ ಗಾಡಿಗೆ ಗೊತ್ತಿಲ್ಲದೆ ಕೈ ಹಾಕಿದವರು ಯಾರು ಎಂದು ಹುಡುಗನಿಗೆ ಗೊತ್ತು. ಹಿರಿಯರು ಅಂತ ಸುಮ್ಮನಿದ್ದಾನೆ.

ರಾಯರ ಮನೆಯಲ್ಲಿ ಭಾನುವಾರ ಉಪ್ಪಿಟ್ಟೇ. ಇಡ್ಲಿ ತಟ್ಟೆ ಖಾಲಿ ಇರುವುದಿಲ್ಲ. ಒಂದು ಕುಳಿಯಲ್ಲಿ ಎಡಗಡೆಯ ಪೈಲಟ್ ಜೆಟ್, ಇನ್ನೊಂದರಲ್ಲಿ ಬಲಗಡೆಯದು, ಮೂರನೆಯದರಲ್ಲಿ ಫ್ಲೋಟ್ ಪಿನ್ನುಗಳು, ನಾಲ್ಕನೆಯದರಲ್ಲಿ ಎಲ್ಲಿಯದೆಂದು ರಾಯರಿಗೂ ನೆನಪಾಗದ ಒಂದು ವಾಷರ್. ಜೆಟ್ಟಿನ ಕೂದಲೆಳೆಯಂಥ ತೂತಿಗೆ ಸೂಜಿ ತೂರಿಸಲು ಬಿಡುವುದಿಲ್ಲ, ತೂತು ಹಿಗ್ಗಿದರೆ ಲೆಕ್ಕ ಕೆಡುತ್ತದೆ. ಬಾಯಿಂದಲೇ ಊದುತ್ತಾರೆ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಮತ್ತೆ ಊದುತ್ತಾರೆ. "ರೀ, ಆ ಬಾಯಲ್ಲಿ ಕಾಫಿ ಕುಡೀಬೇಡಿ" ಎಂದು ಒಳಗಿನಿಂದ ದನಿ ಬರುತ್ತದೆ.

ಹಾಗಂತ ರಾಯರ ವಿದ್ಯೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. ಹೋದ ಬೇಸಿಗೆಯಲ್ಲಿ ಗಾಡಿ ನಿಜವಾಗಿಯೇ ಕೈಕೊಟ್ಟಿತ್ತು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗುತ್ತಿತ್ತು. ಬಲಗಡೆಯ ಪ್ಲಗ್ಗು ಬಿಸ್ಕತ್ತಿನ ಬಣ್ಣಕ್ಕಿರಬೇಕಾದದ್ದು ಸುಣ್ಣದಷ್ಟು ಬೆಳ್ಳಗಾಗಿತ್ತು. ಚೋಕ್ ಹಾಕಿದರೆ ಮಾತ್ರ ಸುಧಾರಿಸುತ್ತಿತ್ತು. ಸಂಜೆ ಗೇಟಿನ ಬಳಿ ಸಭೆ ಸೇರಿತು. ಬಂಕಿನ ಪೆಟ್ರೋಲಿಗೆ ಈಗ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸುತ್ತಾರೆ, ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಕಾರ್ಬೊರೇಟರ್‌ಗಳು ಲೀನ್ ಆಗುತ್ತವೆ ಎಂದರು ಬ್ಯಾಂಕಿನಿಂದ ನಿವೃತ್ತರಾದವರು. ಮಾತು ಸುಳ್ಳಲ್ಲ. "ಆದರೆ ಎರಡೂ ಕಾರ್ಬೊರೇಟರಿಗೆ ಒಂದೇ ಟ್ಯಾಂಕು ಸ್ವಾಮೀ. ಎಡಗಡೆ ಪ್ಲಗ್ ಯಾಕೆ ಸರಿಯಾಗಿದೆ?" ಎಂದು ರಾಯರು ಒಂದೇ ಏಟಿಗೆ ಅವರನ್ನು ಕೂರಿಸಿದರು. ಮೇನ್ ಜೆಟ್ ಬದಲಿಸಿ ಎಂದವನಿಗೆ, "ಐಡ್ಲಿಂಗಲ್ಲಿ ಮೇನ್ ಜೆಟ್ಟಿಗೇನು ಕೆಲಸ?" ಎಂದರು. ಇಂಜಿನ್ ತಣ್ಣಗಾಗಲು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರು. ಸ್ಪ್ರೇ ಡಬ್ಬಿ ಹಿಡಿದು ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರಿನ ಮೇಲೆ ಒಂದು ಚೂರು ಸಿಂಪಡಿಸಿದರು. ಕೂಗುತ್ತಿದ್ದ ಇಂಜಿನ್ ಥಟ್ಟನೆ ದನಿ ಬದಲಿಸಿತು. ಬಿಚ್ಚಿ ಬಗ್ಗಿಸಿದರೆ ರಬ್ಬರಿನ ಅಡಿಯಲ್ಲಿ ಉಗುರಿನಷ್ಟುದ್ದದ ಬಿರುಕು. ಕಳ್ಳಗಾಳಿ ಒಳನುಗ್ಗುತ್ತಿದ್ದದ್ದು ಅಲ್ಲಿಂದ. ಹೊಸ ರಬ್ಬರ್ ಹಾಕಿದ ಮೇಲೆ ಗಾಡಿ ಎರಡೂ ಕಡೆ ಒಂದೇ ತಾಳಕ್ಕೆ ಬಿತ್ತು. ಬ್ಯಾಂಕಿನವರೂ ಚಪ್ಪಾಳೆ ತಟ್ಟಿದರು.

ಮುಂದಿನ ವಾರವೆಲ್ಲ ರಾಯರ ಮುಖ ನೋಡಲಾಗುತ್ತಿರಲಿಲ್ಲ. ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಕೇಳುವವರಿಲ್ಲ, ಸಭೆ ಇಲ್ಲ, ಇಡ್ಲಿ ತಟ್ಟೆಯಲ್ಲಿ ಇಡ್ಲಿಯೇ ಬೇಯುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾಗದೆ, "ಇನ್ನೂ ಸ್ವಲ್ಪ ಸ್ಮೂತ್ ಆಗಬಹುದು" ಎನ್ನುತ್ತ ಟೆಸ್ಟರ್ ತೆಗೆದರು. ಕಾಲು ಸುತ್ತು ಬಲಕ್ಕೆ. ಇನ್ನೊಂದಕ್ಕೂ ಸಮ ಮಾಡಬೇಕಲ್ಲ, ಅದಕ್ಕೊಂದು ಕಾಲು ಸುತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಹೊಗೆ. ರಾಯರ ಮುಖದಲ್ಲಿ ಕಳೆ.

ಪಕ್ಕದ ಮನೆ ಹುಡುಗ ಈಚೆಗೆ ಹೊಸ ಬೈಕು ತಂದ. ರಾಯರು ಮೊಣಕಾಲೂರಿ ಕೂತು, ಕತ್ತು ವಾಲಿಸಿ, ಟ್ಯಾಂಕಿನ ಕೆಳಗೆಲ್ಲ ಹುಡುಕಿದರು.

"ಸ್ಕ್ರೂ ಎಲ್ಲಪ್ಪಾ?"

"ಸ್ಕ್ರೂ ಇಲ್ಲ ಅಂಕಲ್. ಕಾರ್ಬೊರೇಟರೇ ಇಲ್ಲ, ಎಫ್‌ಐ, ಫ್ಯೂಯೆಲ್ ಇಂಜೆಕ್ಷನ್. ಎಲ್ಲಾ ಸೆನ್ಸರ್ ನೋಡಿಕೊಳ್ಳುತ್ತೆ."

"ಎಷ್ಟು ಗಾಳಿ, ಎಷ್ಟು ಪೆಟ್ರೋಲ್ ಅಂತ ಅದಕ್ಕೆ ಹೇಳೋರು ಯಾರು?"

"ಯಾರೂ ಬೇಡ ಅಂಕಲ್. ಅದಕ್ಕೇ ಗೊತ್ತಾಗುತ್ತೆ."

ರಾಯರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ಸ್ಕ್ರೂ ಕಣ್ಣಿಗೆ ಬಿತ್ತು. ಟೆಸ್ಟರ್ ತೆಗೆದು ಅದನ್ನೇ ಕಾಲು ಸುತ್ತು ಬಿಗಿದು, "ಹ್ಞೂಂ, ಈಗ ಓಡಿಸಿ ನೋಡು" ಎಂದರು.