ಮೈಲಿಗೆ ಭಾವ

ನಮ್ಮ ಅಕ್ಕನ ಮನೆಯಲ್ಲಿ ಎರಡು ಥರದ ಮೈಲಿಗೆ ಇದೆ. ಒಂದು ಅಕ್ಕನ ಅತ್ತೆಯದು. ಸ್ನಾನವಿಲ್ಲದೆ ಒಲೆ ಮುಟ್ಟಿದರೆ ಆಗುವಂಥದ್ದು. ಇನ್ನೊಂದು ಅತ್ತೆಯ ಮಗನದು, ಎಂದರೆ ನಮ್ಮ ಭಾವನದು. “ಈ ಕಾರ್ಡು ತರಕಾರಿಗೆ, ಇದು ಪೆಟ್ರೋಲಿಗೆ, ಇದನ್ನ ಮಾತ್ರ ಯಾರೂ ತೆಗೀಬೇಡಿ, ಇದು ಮೈಲಿಗೆ” ಎನ್ನುವಂಥದ್ದು. ಮೈಲಿ ಎಂದರೆ ವಿಮಾನ ಹತ್ತಿದ್ದಕ್ಕೆ, ಕಾರ್ಡು ಉಜ್ಜಿದ್ದಕ್ಕೆ ವಿಮಾನ ಕಂಪನಿ ಖಾತೆಗೆ ಹಾಕುವ ಅಂಕ. ತಾಯಿಯ ಮಡಿ ಯಾರಾದರೂ ಮುಟ್ಟಿದರೆ ಕೆಡುತ್ತದೆ. ಮಗನ ಮೈಲಿ ಯಾರೂ ಮುಟ್ಟದಿದ್ದರೆ ಕೆಡುತ್ತದೆ. ಮೊದಲೆಲ್ಲ ಖಾತೆ ಹದಿನೆಂಟು ತಿಂಗಳು ಅಲುಗಾಡದೆ ಬಿದ್ದಿದ್ದರೆ ಅದರಲ್ಲಿದ್ದ ಮೈಲಿಯೆಲ್ಲ ಆವಿಯಾಗುತ್ತಿತ್ತಂತೆ. ಹಾಗಾಗಿ ಭಾವ ಹದಿನೇಳನೇ ತಿಂಗಳಿಗೆ ಸರಿಯಾಗಿ, ವಿಮಾನ ಕಂಪನಿಯ ಅಂಗಡಿಯಿಂದ ಒಂದು ಜೊತೆ ಕಾಲುಚೀಲ ತರಿಸುತ್ತಿದ್ದರು. ಅವರಿಗಿರುವುದು ಎರಡೇ ಕಾಲು. ಖಾತೆಗಳು ಒಂಬತ್ತು.

ಭಾವ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಊರು ಯಾವುದಾದರೇನು, ಇಂಥ ಭಾವ ನಿಮ್ಮ ನೆಂಟರಲ್ಲೂ ಒಬ್ಬರು ಇದ್ದಾರೆ. ಹನ್ನೆರಡು ಜನ ದೋಸೆ ತಿನ್ನಲು ಹೋದಾಗ, ಬಿಲ್ಲು ಮೇಜು ಮುಟ್ಟುವ ಮೊದಲೇ ಅದನ್ನು ಗಾಳಿಯಲ್ಲಿ ಹಿಡಿಯುವವರು ಅವರೇ. ಹೊಸಬರು ಆಹಾ ಎಂಥ ಧಾರಾಳ ಮನುಷ್ಯ ಅಂದುಕೊಳ್ಳುತ್ತಾರೆ. ಕಾರ್ಡು ಉಜ್ಜಿದ ಮರುನಿಮಿಷ, “ತಲೆಗೆ 17 ಡಾಲರ್ 40 ಸೆಂಟು. ಕ್ಯಾಷ್ ಆದರೂ ಪರವಾಗಿಲ್ಲ” ಎಂಬ ಘೋಷಣೆ. ಅಡಿಗೆಮನೆಯ ಡ್ರಾಯರಿನಲ್ಲಿ ಅವರ ಕಾರ್ಡುಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಇಸ್ಪೀಟಿನ ಕಟ್ಟಿನಂತೆ ಕೂತಿವೆ. ಒಂದೊಂದರ ಮೇಲೂ ಬಿಳಿ ಚೀಟಿ, ಚೀಟಿಯಲ್ಲಿ ಮುದ್ದಾದ ಕನ್ನಡ ಅಕ್ಷರ: ಹಾಲು-ಮೊಸರು, ಔಷಧಿ, ಹೋಟೆಲ್. ಅಕ್ಕ ಒಮ್ಮೆ ಹಾಲು-ಮೊಸರಿನ ಕಾರ್ಡಿನಲ್ಲಿ ಚಪ್ಪಲಿ ತಂದಳು. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗೆಲ್ಲ ಡಿಸೆಂಬರ್ ಬಂದರೆ ಇನ್ನೊಂದು ಕಾಯಿಲೆ. ವರ್ಷ ಮುಗಿಯುವುದರೊಳಗೆ ಇಷ್ಟು ಮೈಲಿ ಹಾರಿದ್ದರೆ ಬೆಳ್ಳಿ ದರ್ಜೆಯವರು ಚಿನ್ನ ಆಗುತ್ತಿದ್ದರು, ಚಿನ್ನದವರು ಪ್ಲಾಟಿನಂ ಆಗುತ್ತಿದ್ದರು. ಒಂದು ಸಲ ಸ್ವಲ್ಪ ಕಡಿಮೆ ಬಿತ್ತು ಅಂತ ಭಾವ ಬೆಳಗ್ಗೆ ಸಿಯಾಟಲ್‌ಗೆ ಹೋಗಿ ಸಂಜೆ ವಾಪಸ್ ಬಂದರು.

“ಅಲ್ಲಿ ಏನೇನು ನೋಡಿದ್ರಿ?” ಅಂತ ಅಕ್ಕ ಕೇಳಿದಳು.

“ಗೇಟು” ಅಂದರು.

ನಾವೆಲ್ಲ ಕ್ರಿಸ್ತಶಕ, ಶಾಲಿವಾಹನ ಶಕ ಅಂತ ಲೆಕ್ಕ ಇಟ್ಟರೆ ಭಾವನ ಶಕ ಆರಂಭವಾಗುವುದು 1981ರ ಮೇ 1ಕ್ಕೆ. ಅಮೆರಿಕನ್ ಏರ್‌ಲೈನ್ಸ್ ತನ್ನ ‘ಅಡ್ವಾಂಟೇಜ್’ ಎಂಬ ಮೈಲಿ ಯೋಜನೆ ಹೊರಡಿಸಿದ ದಿನ ಅದು. ಯುನೈಟೆಡ್ ಅದೇ ತಿಂಗಳು ಬೆನ್ನಿಗೇ ಬಂತು. ಶಕ ಇದ್ದ ಮೇಲೆ ಶಕಪುರುಷ ಬೇಕಲ್ಲ, ಆತ ಡೇವಿಡ್ ಫಿಲಿಪ್ಸ್ ಎಂಬ ಸಿವಿಲ್ ಎಂಜಿನಿಯರ್, ಕ್ಯಾಲಿಫೋರ್ನಿಯಾದ ಡೇವಿಸ್‌ನವನು. 1999ರಲ್ಲಿ ಒಂದು ತಿಂಡಿ ಕಂಪನಿ, ನಮ್ಮ ಪೊಟ್ಟಣದ ಹತ್ತು ಬಾರ್‌ಕೋಡ್ ಕಳಿಸಿದರೆ ಇಷ್ಟು ಮೈಲಿ ಅಂತ ಜಾಹೀರಾತು ಕೊಟ್ಟಿತು. ಈತ ಅಂಗಡಿ ಅಂಗಡಿ ಸುತ್ತಿ, ಅದೇ ಕಂಪನಿಯ ಪುಡ್ಡಿಂಗ್ ಬಟ್ಟಲು ಕಾಲು ಡಾಲರಿಗೆ ಒಂದು ಸಿಗುವುದನ್ನು ಪತ್ತೆಹಚ್ಚಿದ. ಕೊಂಡದ್ದು 12,150 ಬಟ್ಟಲು. ಅಷ್ಟು ಚೀಟಿ ಒಬ್ಬನೇ ಕೀಳುವುದು ಹೇಗೆ? ಪುಡ್ಡಿಂಗನ್ನೆಲ್ಲ ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟ, ಅಲ್ಲಿಯ ಸ್ವಯಂಸೇವಕರು ಚೀಟಿ ಕಿತ್ತುಕೊಟ್ಟರು. ಬಂದದ್ದು 12 ಲಕ್ಷ ಮೈಲಿಗೂ ಮೇಲೆ. ದಾನದ ಹೆಸರಿನಲ್ಲಿ ತೆರಿಗೆಯಲ್ಲೂ ಒಂದಿಷ್ಟು ಉಳಿಸಿಕೊಂಡ. ತೆರಿಗೆಯ ಭಾಗ ಬಂದಾಗ ಭಾವನ ಕಂಠ ಗದ್ಗದವಾಗುತ್ತದೆ. ಹರಿಕಥೆಯಲ್ಲಾದರೆ ಇಲ್ಲಿ ಮಂಗಳಾರತಿ ತಟ್ಟೆ ಬರಬೇಕು.

ಭಾವನೇ ಅಂಥದ್ದೊಂದು ಸಾಹಸ ಮಾಡಿದ್ದು 2010ರಲ್ಲಿ. ಅಮೆರಿಕದ ಟಂಕಸಾಲೆಗೆ ಆಗ ಒಂದು ಡಾಲರಿನ ನಾಣ್ಯ ಜನರ ಕೈಯಲ್ಲಿ ಓಡಾಡಬೇಕು ಎಂಬ ಹಂಬಲ. ಮುಖಬೆಲೆಗೇ ಮಾರುತ್ತಿತ್ತು, ಅಂಚೆ ಖರ್ಚು ಅದರದೇ, ಕ್ರೆಡಿಟ್ ಕಾರ್ಡು ಕೊಟ್ಟರೂ ಸೈ. ಮೈಲಿಯವರು ಬಿಡುತ್ತಾರೆಯೇ? ಕಾರ್ಡಿನಲ್ಲಿ ನಾಣ್ಯ ಕೊಂಡರು, ಹಾಗೇ ಹೊತ್ತುಕೊಂಡು ಹೋಗಿ ಬ್ಯಾಂಕಿಗೆ ಕಟ್ಟಿದರು, ಅದೇ ದುಡ್ಡಿನಲ್ಲಿ ಕಾರ್ಡಿನ ಸಾಲ ತೀರಿಸಿದರು. ದುಡ್ಡು ಸುತ್ತಿ ಬಂದು ಅದೇ ಜಾಗದಲ್ಲಿ ಕೂತಿತು, ಮೈಲಿ ಮಾತ್ರ ಹುಟ್ಟಿತು. ಭಾವನ ಹಜಾರದಲ್ಲೂ ಡಬ್ಬಿಗೆ 250ರಂತೆ ನಾಣ್ಯ ಬಂದು ಬಿದ್ದವು. ಆಗ ಅಜ್ಜಿ (ಅಕ್ಕನ ಅತ್ತೆಯನ್ನು ಮಕ್ಕಳ ಜೊತೆ ನಾನೂ ಅಜ್ಜಿ ಅಂತಲೇ ಕರೆಯುವುದು) ಆರು ತಿಂಗಳ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ವರಮಹಾಲಕ್ಷ್ಮಿ ಹಬ್ಬ. ಹೊನ್ನಿನ ಬಣ್ಣದ ನಾಣ್ಯ ಡಬ್ಬಿಗಟ್ಟಲೆ ಕಂಡ ಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಎರಡು ಡಬ್ಬಿ ಒಡೆದು ಕಲಶದ ಮುಂದೆ ಸುರಿದು, ಸಹಸ್ರನಾಮ ಹೇಳುತ್ತ ಅರಿಶಿನ ಕುಂಕುಮ ಏರಿಸಿದರು. ಸೋಮವಾರ ಬ್ಯಾಂಕಿನ ಹುಡುಗಿ, ಅಮೆರಿಕದ 14ನೇ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅವರ ಹಣೆಯ ಮೇಲಿನ ಕುಂಕುಮವನ್ನು ಉಗುರಿನಲ್ಲಿ ಕೆರೆದು ನೋಡಿ ಮ್ಯಾನೇಜರನ್ನು ಕರೆದಳಂತೆ. ಮರುವರ್ಷ ಟಂಕಸಾಲೆಯೇ ಕಾರ್ಡಿನ ವ್ಯಾಪಾರ ನಿಲ್ಲಿಸಿತು. ಅದಕ್ಕೆ ತಾವೇ ಕಾರಣವಿರಬಹುದೇ ಎಂದು ಅಜ್ಜಿ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.

ಆಮೇಲೆ ಕಾಲ ಕೆಟ್ಟಿತು. 2015-16ರ ಹೊತ್ತಿಗೆ ಅಮೆರಿಕದ ಮೂರೂ ದೊಡ್ಡ ಕಂಪನಿಗಳು, ಹಾರಿದ ದೂರಕ್ಕಲ್ಲ, ಟಿಕೆಟ್ಟಿಗೆ ಕೊಟ್ಟ ದುಡ್ಡಿಗೆ ಮೈಲಿ ಎಂದುಬಿಟ್ಟವು. ಮೈಲಿಗೂ ಮೈಲಿಗೂ ಇದ್ದ ಸಂಬಂಧವೇ ಹರಿದುಹೋಯಿತು. ಭಾವ ಅದನ್ನು ಹೇಳುವಾಗ ನಮ್ಮ ತಾತ ಭೂಸುಧಾರಣೆಯ ವಿಷಯ ಹೇಳುತ್ತಿದ್ದ ಹಾಗೇ ಹೇಳುತ್ತಾರೆ. ಕೂಡಿಟ್ಟದ್ದನ್ನು ಇನ್ನು ಖರ್ಚು ಮಾಡುವುದೇ ಬುದ್ಧಿವಂತಿಕೆ ಅನ್ನುವ ತೀರ್ಮಾನಕ್ಕೆ ಅವರು ಬಂದದ್ದೂ ಆಗಲೇ. ಅದರ ಮೊದಲ ಫಲಾನುಭವಿಗಳು ನಾವು.

2018ರಲ್ಲಿ ನಾನು ಆಫೀಸಿನ ಕೆಲಸಕ್ಕೆಂದು ಮೂರು ತಿಂಗಳು ಅಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಲೇಬರ್ ಡೇ ರಜೆಗೆ ಹೊಂದಿಸಿ ನಡೆಯುವ, ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ಆ ಸಲ ಡಲ್ಲಾಸ್‌ನಲ್ಲಿ. ಅಕ್ಕ, ಭಾವ, ಇಬ್ಬರು ಮಕ್ಕಳು, ಅಜ್ಜಿ, ನಾನು, ಒಟ್ಟು ಆರು ಜನ. “ನಿನ್ನ ಟಿಕೆಟ್ ನೀನು ತಗೋಬೇಡ ಕಣೋ. ಆರೂ ಜನರನ್ನ ಫಸ್ಟ್ ಕ್ಲಾಸಿಗೆ ಎತ್ತಿ ಕೂರಿಸ್ತೀನಿ” ಅಂದರು ಭಾವ. ಅಂದಿನ ದರ ತಲೆಗೆ 15,000 ಮೈಲಿ, ಮೇಲೆ 75 ಡಾಲರ್ ದಕ್ಷಿಣೆ. ಆರು ಜನಕ್ಕೆ 90,000 ಮೈಲಿ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಡಲ್ಲಾಸ್‌ಗೆ ಇರುವ ದೂರ ಸುಮಾರು 1,460 ಮೈಲಿ. ಸಾವಿರದ ಐನೂರು ಮೈಲಿ ಕೂಡ ಇಲ್ಲದ ದಾರಿಗೆ ಹದಿನೈದು ಸಾವಿರ ಮೈಲಿ ಯಾಕೆ ಭಾವ ಎಂದು ಕೇಳಿದೆ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವ ಹಾಗೆ ನೋಡಿದರು.

ಮೈಲಿ ಕೊಟ್ಟಾಕ್ಷಣ ಸೀಟು ಸಿಗುತ್ತದೆ ಎಂದಿಲ್ಲ. ಎಷ್ಟೋ ಸಲ ಅದು ಕಾಯುವವರ ಪಟ್ಟಿಗೆ ಹೆಸರು ಸೇರಿಸುವ ಕೆಲಸ. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಇಲ್ಲಿ ಟವೆಲನ್ನು ಮೂರು ತಿಂಗಳು ಮೊದಲೇ ಹಾಕಿ, ದಿನಕ್ಕೆ ಎರಡು ಸಲ ಅದು ಅಲ್ಲೇ ಇದೆಯೇ ಎಂದು ಫೋನು ಮಾಡಬೇಕು. ಫೋನೆತ್ತಿದವಳು ಆಗುವುದಿಲ್ಲ ಎಂದರೆ ಭಾವ ಜಗಳ ಆಡುವುದಿಲ್ಲ. ಥ್ಯಾಂಕ್ಯೂ ಹೇಳಿ ಫೋನಿಟ್ಟು ಮತ್ತೆ ಮಾಡುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಈ ಕಿಟಕಿಯವನು ಇಲ್ಲವೆಂದರೆ ಆ ಕಿಟಕಿಗೆ ಹೋಗಿ ಅಭ್ಯಾಸವಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನನ್ನು ಕರೆದರು.

“ಮುಂದೆ ಇರೋದೇ 16 ಸೀಟು. ಆರು ಜನದ್ದೂ ಒಂದೇ ಪಿಎನ್‌ಆರ್ ಆದರೆ, ಐದೇ ಸೀಟು ಖಾಲಿ ಇದ್ದಾಗ ಕಂಪ್ಯೂಟರು ನಮ್ಮನ್ನ ದಾಟಿಕೊಂಡು ಮುಂದೆ ಹೋಗಿಬಿಡುತ್ತೆ. ನನ್ನ ಅನುಭವ. ಅದಕ್ಕೇ ಈಗ ಪಾಲು ಮಾಡಬೇಕು.”

ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಧಡಕ್ಕನೆ ಎದ್ದು ಬಂದರು. “ಏನೋ ಅದು ಪಾಲು? ನಾನಿನ್ನೂ ಬದುಕಿದೀನಿ!”

ಅಜ್ಜಿಯನ್ನು ಸಮಾಧಾನ ಮಾಡಿ ಮೂರು ಪಾಲು ಮಾಡಿದ್ದಾಯಿತು. ಯಾವ ಜೋಡಿ ಮೊದಲು ಎನ್ನುವ ಪ್ರಶ್ನೆ ಎದ್ದಾಗ ಗೊತ್ತಾಯಿತು, ಇದು ವಿಮಾನದ ಲೆಕ್ಕ ಅಲ್ಲ, ಮದುವೆ ಮನೆಯ ಮೊದಲ ಪಂಕ್ತಿಯ ಲೆಕ್ಕ. ಹಿರಿಯರನ್ನು ಬಿಟ್ಟು ಕೂರುವಂತಿಲ್ಲ. ಮಕ್ಕಳು ಹಸಿದಿರಬಾರದು. ಬಡಿಸುವವರು ಕೊನೆಗೆ. ಅಜ್ಜಿ ಮತ್ತು ಅಕ್ಕ ಮೊದಲ ಜೋಡಿ, ಮಕ್ಕಳಿಬ್ಬರು ಎರಡನೆಯದು. ಕೊನೆಯ ಎಲೆ ಭಾವನಿಗೆ ಮತ್ತು ನನಗೆ.

ಗೇಟಿನ ಹತ್ತಿರ ಪರದೆಯ ಮೇಲೆ ಕಾಯುವವರ ಪಟ್ಟಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅಡ್ಡಹೆಸರಿನ ಮೊದಲ ಮೂರಕ್ಷರ ಮಾತ್ರ. ಸಮ್ಮೇಳನಕ್ಕೆ ಹೊರಟವರೇ ಅರ್ಧ ವಿಮಾನ ಇದ್ದದ್ದರಿಂದ ಪಟ್ಟಿ ನಮ್ಮವರದೇ. ಗೌಡರು ‘ಗೌ’ ಎಂದು ನಿಂತಿದ್ದರು, ಪಾಟೀಲರು ‘ಪಾಟ್’ ಆಗಿದ್ದರು. ಕುಲಕರ್ಣಿಯವರದು ಕರ್ಣ ಕಳಚಿ ಬರೀ ‘ಕುಲ’ ಉಳಿದಿತ್ತು. ಭಾವ ಕುತ್ತಿಗೆ ಎತ್ತಿಕೊಂಡು, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಹಾಗೆ ಬೆರಳಿನಲ್ಲಿ ಗಾಳಿಯಲ್ಲೇ ಸಾಲು ಎಣಿಸುತ್ತಿದ್ದರು. ಅಜ್ಜಿ-ಅಕ್ಕನ ಮುಂದೆ ಹಸಿರು ಗುರುತು ಬಿತ್ತು. ಮಕ್ಕಳಿಗೂ ಬಿತ್ತು. ಉಳಿದದ್ದು ಎರಡು ಸೀಟು, ಪಟ್ಟಿಯಲ್ಲಿ ಮುಂದಿನವರು ನಾವು. ಭಾವ ನನ್ನ ಭುಜ ಹಿಸುಕಿದರು. ಅಷ್ಟರಲ್ಲಿ ಪರದೆ ಒಮ್ಮೆ ಮಿಣುಕಿತು. ಎಲ್ಲೋ ಕೆಳಗಿದ್ದ ‘ಗೌ’ ದಂಪತಿ ನಮ್ಮ ತಲೆಯ ಮೇಲೆ ಹಾರಿ ಒಳಗೆ ಹೋದರು.

“ಅವನದು ನನಗಿಂತ ಮೇಲಿನ ಲೋಹ” ಅಂದರು ಭಾವ, ಬಹಳ ಹೊತ್ತಾದ ಮೇಲೆ.

ಹತ್ತುವಾಗ ನೋಡಿದೆ. ಸೋಫಾದಂಥ ಸೀಟಿನ ತುದಿಯಲ್ಲಿ ಅಜ್ಜಿ ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ದಂತವೈದ್ಯರ ಕುರ್ಚಿಯಲ್ಲಿ ಕೂತವರ ಹಾಗೆ ಕೂತಿದ್ದರು. ಭಾವ ಬಗ್ಗಿ, “ಕಾಲು ಚಾಚಮ್ಮ, ಹದಿನೈದು ಸಾವಿರ” ಎಂದು ಕಿವಿಯಲ್ಲಿ ಹೇಳಿ ಮುಂದೆ ನಡೆದರು. ಮುಂದೆ ಎಂದರೆ ಹಿಂದೆ, 28ನೇ ಸಾಲಿಗೆ.

ಅಲ್ಲಿ ಏನು ಕೇಳುತ್ತೀರಿ, ಆಗಲೇ ಸಮ್ಮೇಳನ ಶುರುವಾಗಿತ್ತು. ಶಿವಮೊಗ್ಗದವರೊಬ್ಬರು ಹಾಸನದವರಿಗೆ ಸಂಬಂಧ ಹುಡುಕುತ್ತಿದ್ದರು. ಎರಡು ಸಾಲು ಹಿಂದೆ ಯಾವುದೋ ನಾಟಕದ ಮಾತು ಬಾಯಿಪಾಠ ನಡೆದಿತ್ತು. ಭಾವನಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಅವರ ಕಣ್ಣು ಮುಂದಿನ ಪರದೆ ಬಟ್ಟೆಯ ಮೇಲೆ.

ವಿಮಾನ ಏರಿ ಅರ್ಧ ಗಂಟೆ ಆಗಿರಬೇಕು. ಆ ಬಟ್ಟೆ ಸರಿಯಿತು. ಡಬ್ಬಿ ಎದೆಗವಚಿಕೊಂಡು, ಸೀಟು ಹಿಡಿದು ಹಿಡಿದು ಅಜ್ಜಿ ಬಂದರು. ಹಿಂದೆ ಗಗನಸಖಿ.

“ಅಲ್ಲಿ ಒಬ್ಬರೂ ಮಾತಾಡಲ್ಲ ಕಣೋ. ಎಲ್ಲರೂ ಕಿವಿಗೆ ಏನೋ ತುರುಕಿಕೊಂಡು ಕೂತಿದಾರೆ, ಸೂತಕದ ಮನೆ ಹಾಗೆ. ನಿನ್ನ ಹೆಂಡತಿ ಆಗಲೇ ಗೊರಕೆ. ಏಳು, ನಾನಿಲ್ಲೇ ಕೂತ್ಕೋತೀನಿ.”

ಭಾವನ ಮುಖದಲ್ಲಿ ಧರ್ಮಸಂಕಟ ಅಂದರೆ ಏನೆಂದು ಅಂದು ಕಂಡೆ. ತಾಯಿಯ ಸೀಟು ಕಿತ್ತುಕೊಂಡ ಮಗ ಅನ್ನಿಸಿಕೊಳ್ಳಬೇಕು, ಇಲ್ಲವೇ ಹದಿನೈದು ಸಾವಿರ ಮೈಲಿಯ ಸೀಟು ಡಲ್ಲಾಸ್ ತನಕ ಖಾಲಿ ಹೋಗಬೇಕು. ಖಾಲಿ ಹೋಗುವುದೇ ಹೆಚ್ಚಿನ ಪಾಪ ಎಂದು ಶಾಸ್ತ್ರ ತೀರ್ಮಾನಿಸಿತು. ಗಗನಸಖಿ ಒಂದು ಗಳಿಗೆ ಯೋಚಿಸಿ, ಅಜ್ಜಿಯ ಮುಖ ನೋಡಿ, ಹೂಂ ಅಂದಳು. ಭಾವ ಕೋಟು ಸರಿಮಾಡಿಕೊಂಡು ಹೋದರು.

ಅಜ್ಜಿ ಡಬ್ಬಿ ತೆರೆದರು. ಕೋಡುಬಳೆ. ಹಿಂದಿನ ದಿನ ಮಡಿಯಲ್ಲಿ ಕರಿದದ್ದು, ಓಮದ ಘಮ 34ನೇ ಸಾಲಿನವರೆಗೂ ಹೋಯಿತು. ಅಲ್ಲಿಂದ ಕೈಗಳು ಬಂದವು. ಪ್ರತಿಯಾಗಿ ಒಬ್ಬರ ನಿಪ್ಪಟ್ಟು, ಇನ್ನೊಬ್ಬರ ಚೌಚೌ ಬಂದವು. ಹಾಸನದವರ ತಂಗಿಯ ನಾದಿನಿ ಅಜ್ಜಿಯ ತವರಿನ ಪಕ್ಕದ ಬೀದಿಗೆ ಸೊಸೆಯಾಗಿರುವುದು ಪತ್ತೆಯಾಯಿತು. ಪಕ್ಕದ ಸೀಟಿನ ಟೆಕ್ಸಾಸಿನ ಮುದುಕನೂ ಎರಡು ಕೋಡುಬಳೆ ತಿಂದು, ಮೂರನೆಯದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಕೂತ. ನಡುವೆ ಎರಡು ಸಲ ಮುಂದಿನ ಬಟ್ಟೆ ಒಂದು ಅಂಗುಲ ಸರಿದು, ಒಂದು ಕನ್ನಡಕ ಇಣುಕಿ, ಮತ್ತೆ ಮುಚ್ಚಿಕೊಂಡಿತು.

ಡಲ್ಲಾಸ್‌ನಲ್ಲಿ ಮೊದಲು ಇಳಿಯುವ ಭಾಗ್ಯ ಮುಂದಿನವರದು. ನಾವು ಹಿಂದಿನಿಂದ ತೆವಳಿಕೊಂಡು ಹೊರಬರುವಷ್ಟರಲ್ಲಿ ಭಾವ ಇಪ್ಪತ್ತು ನಿಮಿಷ ಕಾದು ನಿಂತಿದ್ದರು, ಕೈಯಲ್ಲಿ ಫೋನು, ಮುಖದಲ್ಲಿ ಕಾಂತಿ.

“ನಮ್ಮಿಬ್ಬರ ಮೈಲಿ ವಾಪಸ್ ಬರುತ್ತೆ ಕಣೋ, ಮೂವತ್ತು ಸಾವಿರ! ನನ್ನ ಮೈಲಿ ಒಂದೂ ಕೊಡದೆ ನಾನು ಫಸ್ಟ್ ಕ್ಲಾಸಿನಲ್ಲಿ ಬಂದ ಹಾಗಾಯ್ತು.”

“ಅದು ಅಮ್ಮನ ಸೀಟು, ರೀ” ಅಂದಳು ಅಕ್ಕ, ನಿದ್ದೆಗಣ್ಣಿನಲ್ಲಿ.

“ಕೋಡುಬಳೆ ಮಿಕ್ಕಿದೆಯಾ?” ಎಂದು ಭಾವ ಅಜ್ಜಿಯ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದರು. ತಳದಲ್ಲಿ ಪುಡಿ ಇತ್ತು. ಅದನ್ನೇ ಅಂಗೈಗೆ ತಟ್ಟಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ಏನೋ ನೆನಪಾದವರ ಹಾಗೆ ಕೋಟಿನ ಜೇಬಿಗೆ ಕೈಹಾಕಿ, ಮದುವೆ ಮನೆಯ ಮೊದಲ ಪಂಕ್ತಿಯಿಂದ ಹೋಳಿಗೆ ಕಟ್ಟಿಕೊಂಡು ಬಂದವರಂತೆ, ನಾಲ್ಕು ಮಡಿಕೆಯ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಒಳಗೆ ಐದಾರು ಗೋಡಂಬಿ, ಎರಡು ಬಾದಾಮಿ.

“ಪಿಂಗಾಣಿ ಬಟ್ಟಲಲ್ಲಿ ಬಿಸಿಬಿಸಿ ಕೊಡ್ತಾರೆ. ನಿನಗೆ ಅಂತ ಇಟ್ಟಿದ್ದೆ, ತಿನ್ನು.”

ತಣ್ಣಗಾಗಿತ್ತು.